ಸ್ಥಾಯಿಯೋ ಸಂಚಾರಿಯೋ: ಕಲ್ಯಾಣದ ಚರಿತ್ರಕಾವ್ಯಗಳಲ್ಲಿ ಎಳೆಯರ ಅಳಲು

ಶೋಕವು ಕರುಣರಸಕ್ಕೆ ಸ್ಥಾಯಿಯೆಂದೂ, ನಿರ್ವೇದ, ಗ್ಲಾನಿ, ದೈನ್ಯ, ಚಿಂತೆ, ವಿಷಾದ ಮೊದಲಾದ ೩೩ ಭಾವಗಳು ಬಂದುಹೋಗುವ ಸಂಚಾರಿಗಳೆಂದೂ ಭರತಮುನಿಯ ಕಾಲದಿಂದ ಲಾಕ್ಷಣಿಕರು ಹೇಳುತ್ತ ಬಂದಿರುವರು. ಈ ವಿಭಾಗವನ್ನು ಪ್ರಾಯಬಂದ ನಾಯಕನಾಯಿಕೆಯರಿಗೆ ಹಚ್ಚಿ ನೋಡಿದವರು ಅನೇಕರು. ಎಳೆಯ ಮಗುವಿನ ಮನಸ್ಸಿನಲ್ಲಿ ಹೊಕ್ಕ ದುಃಖವು ಸಂಚಾರಿಯೋ ಸ್ಥಾಯಿಯೋ ಎಂದು ಕೇಳಿದವರು ವಿರಳ. ಮಕ್ಕಳ ಅಳು ಮಳೆಗಾಲದ ಬಿಸಿಲಿನಂತೆ ಕ್ಷಣಿಕವೆಂಬ ಲೋಕರೂಢಿಯೇ ಈ ಉಪೇಕ್ಷೆಗೆ ಕಾರಣವಾಗಿರಬೇಕು. ಕಲ್ಯಾಣದ ಸೀಮೆಗೆ ಸೇರಿದ ಕೆಲವು ಗ್ರಂಥಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ರೂಢಿಯು ಎಷ್ಟರ ಮಟ್ಟಿಗೆ ನಿಲ್ಲುವುದೆಂಬುದು ವಿಚಾರಣೀಯವಾಗಿದೆ.

ನಮ್ಮ ಪ್ರೌಢಕಾವ್ಯಗಳಲ್ಲಿ ಮಗುವು ಸಾಮಾನ್ಯವಾಗಿ ಭಾವಕ್ಕೆ ಆಲಂಬನವೇ ಹೊರತು ಆಶ್ರಯವಲ್ಲ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಲೋಹಿತಾಶ್ವನು ತಾಯಿಯೊಡನೆ ಮಾರಲ್ಪಡುತ್ತಾನೆ, ಅನ್ಯರ ಮನೆಯಲ್ಲಿ ದುಡಿಯುತ್ತಾನೆ, ಕಾಡಿನಲ್ಲಿ ಹಾವು ಕಚ್ಚಿ ಸಾಯುತ್ತಾನೆ. ವಾಚಕರ ಎದೆಯನ್ನು ಕಲಕುವ ಪ್ರಲಾಪವು ಚಂದ್ರಮತಿಯದು. ರಾಜ್ಯ ಕಳೆದ ದಿನದಿಂದ ಆ ಹುಡುಗನ ಮನಸ್ಸು ಏನಾಗಿತ್ತೆಂಬುದನ್ನು ಆತನ ಮಾತಿನಿಂದ ಹೆಚ್ಚಾಗಿ ತಿಳಿಯಲಾಗದು. ಇದು ರಾಘವಾಂಕನ ದೋಷವೆಂದು ಹೇಳುವುದು ಅನ್ಯಾಯ, ಪದ್ಧತಿಯೇ ಹಾಗಿತ್ತು. ಕಲ್ಯಾಣದ ಅರಮನೆಯ ಗ್ರಂಥವೊಂದು ಈ ಪದ್ಧತಿಯನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ನೂರು ಅಧ್ಯಾಯಗಳಲ್ಲಿ ಪುತ್ರೋಪಭೋಗವೆಂಬುದೂ ಒಂದು. ಗೃಹ, ಸ್ನಾನ, ತಾಂಬೂಲ, ವಿಲೇಪನ, ವಸ್ತ್ರ, ಮಾಲ್ಯಗಳ ಪಂಕ್ತಿಯಲ್ಲಿಯೇ ಪುತ್ರನೂ ಕುಳಿತಿದ್ದಾನೆ. ಅರಸನು ಅನುಭವಿಸಬೇಕಾದ ಇಪ್ಪತ್ತು ಸುಖಗಳಲ್ಲಿ ಅವನೂ ಒಂದು ಸುಖ. ತಂದೆಯ ಮನಸ್ಸಿನ ಉಲ್ಲಾಸಕ್ಕೆ ಮಗನು ಸಾಧನ. ಮಗನ ಮನಸ್ಸಿಗೆ ಉಲ್ಲಾಸವುಂಟೋ ಇಲ್ಲವೋ ಎಂಬುದು ಗ್ರಂಥದ ಉದ್ದೇಶಕ್ಕೆ ಹೊರಗು. ಸರ್ವಜ್ಞನೆಂದು ಬಿರುದಾಂತ ಅರಸನಿಗೂ ತಿಳಿಯದ ವಿಷಯವೊಂದಿತ್ತೆಂದು ಇಲ್ಲಿ ಹೇಳಬಹುದು. ಅದೇ ನಗರದಲ್ಲಿ ಒಂದು ತಲೆಮಾರು ಕಳೆಯುವಷ್ಟರಲ್ಲಿ, ಮಗನ ಸ್ಥಾನದಲ್ಲಿ ನಿಂತು ಮೊರೆಯಿಡುವ ದನಿಯೊಂದು ಕನ್ನಡದಲ್ಲಿ ಕೇಳಿಬಂತೆಂಬುದು ಸಾಹಿತ್ಯಚರಿತ್ರೆಯ ಸಾಮಾನ್ಯ ಸಂಗತಿಯಲ್ಲ.

ಆ ದನಿಗೆ ಬರುವ ಮುನ್ನ, ಇಂದಿನ ವೈದ್ಯಶಾಸ್ತ್ರವು ಸ್ಥಾಯಿ ಸಂಚಾರಿಗಳ ಪ್ರಶ್ನೆಯನ್ನು ತನ್ನ ಪರಿಭಾಷೆಯಲ್ಲಿ ಹೇಗೆ ಕೇಳಿಕೊಂಡಿದೆಯೆಂಬುದನ್ನು ಸಂಕ್ಷೇಪವಾಗಿ ಅರಿಯುವುದು ಉಪಯುಕ್ತ. ೨೦ನೆಯ ಶತಮಾನದ ಮಧ್ಯಭಾಗದವರೆಗೂ ಮಕ್ಕಳಿಗೆ ಖಿನ್ನತೆಯೆಂಬ ವ್ಯಾಧಿಯು ತಗಲಲಾರದೆಂದೇ ಪಾಶ್ಚಾತ್ಯ ವೈದ್ಯರಲ್ಲಿ ಬಹುಮಂದಿ ನಂಬಿದ್ದರು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಮಾರಿಯಾ ಕೊವಾಕ್ಸ್ ಎಂಬ ವಿದುಷಿಯು ಖಿನ್ನರಾದ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿ ೧೯೮೪ರಲ್ಲಿ ಪ್ರಕಟಿಸಿದ ಫಲಿತಗಳು ಈ ನಂಬಿಕೆಯನ್ನು ಸಡಿಲಿಸಿದುವು. ತೀವ್ರವಾಗಿ ಎರಗುವ ಖಿನ್ನತೆಯು ಬಹುಮಟ್ಟಿಗೆ ತಿಂಗಳುಗಳ ಲೆಕ್ಕದಲ್ಲಿ ಇಳಿಯುವುದು. ಮಂದವಾಗಿ ಉರಿಯುವುದಾದರೋ ವರ್ಷಗಳ ಲೆಕ್ಕದಲ್ಲಿ ನಿಲ್ಲುವುದು, ಮತ್ತು ಅದರ ಮೇಲೆ ತೀವ್ರವಾದುದು ಮರಳಿ ಮರಳಿ ಬಂದು ಕೂಡುವುದು. ಸದ್ದಿಲ್ಲದ ದುಃಖವೇ ದೀರ್ಘಾಯುವೆಂದಾಯಿತು. ೨೦೧೩ರಲ್ಲಿ ಪರಿಷ್ಕೃತವಾದ ಅಮೆರಿಕದ ಮನೋವೈದ್ಯರ ಕೈಪಿಡಿಯು ಇಂಥ ನಿಲ್ಲುವ ಖಿನ್ನತೆಯನ್ನು ಗುರುತಿಸಲು ವಯಸ್ಕರಲ್ಲಿ ಎರಡು ವರ್ಷಗಳ ಅವಧಿಯನ್ನೂ, ಮಕ್ಕಳಲ್ಲಿಯೂ ಹರೆಯದವರಲ್ಲಿಯೂ ಒಂದೇ ವರ್ಷವನ್ನೂ ಗೊತ್ತುಮಾಡಿದೆ. ಎಳೆಯರಲ್ಲಿ ಆ ದುಃಖವು ಕಣ್ಣೀರಾಗಿಯೇ ಕಾಣಬೇಕೆಂಬುದಿಲ್ಲ, ಸಿಡುಕಾಗಿಯೂ ಕಾಣಬಹುದೆಂಬುದನ್ನೂ ಆ ಗ್ರಂಥವು ಒಪ್ಪಿದೆ. ಕೊವಾಕ್ಸ್ ರಚಿಸಿದ ಪ್ರಶ್ನಾವಳಿಯೊಂದು, ೨೭ ಅಂಶಗಳುಳ್ಳದ್ದು, ೭ರಿಂದ ೧೭ ವರ್ಷದವರಿಗಾಗಿ ಲೋಕದ ಅನೇಕ ಭಾಷೆಗಳಲ್ಲಿ ಬಳಕೆಯಲ್ಲಿದೆ. ಅದು ಕೇಳುವುದು ಕಳೆದ ಎರಡು ವಾರಗಳ ಸಂಗತಿಯನ್ನು. ಒಂದು ಸಲ ಹೆಚ್ಚಿನ ಅಂಕ ಬಂದ ಮಕ್ಕಳಲ್ಲಿ ಹಲವರಿಗೆ, ಏನೂ ಚಿಕಿತ್ಸೆಯಿಲ್ಲದೆಯೂ, ಎರಡನೆಯ ಸಲ ಕಡಮೆ ಬರುವುದುಂಟು. ಆದುದರಿಂದ ಸಂಚಾರಿಯನ್ನು ಸ್ಥಾಯಿಯಿಂದ ಬೇರ್ಪಡಿಸಬೇಕಾದರೆ ಒಂದೇ ಸಾಕ್ಷ್ಯವು ಸಾಲದು, ಕಾಲಾಂತರದಲ್ಲಿ ಮತ್ತೆ ಮತ್ತೆ ಕೇಳಬೇಕು. ಒಂದೇ ಓಲೆಪ್ರತಿಯನ್ನು ನೋಡಿ ಪಾಠನಿರ್ಣಯ ಮಾಡುವವರಿಗೆ ಗ್ರಂಥಸಂಪಾದಕರು ಹೇಳುವ ಬುದ್ಧಿಯೂ ಇದೇ ಆಗಿದೆ.

ಈಗ ಹರಿಹರನ ಬಸವರಾಜದೇವರ ರಗಳೆಗೆ ಬರಬಹುದು. ದೊರೆತ ಬಸವಚರಿತ್ರೆಗಳಲ್ಲಿ ಇದು ಬಹು ಪ್ರಾಚೀನವಾದುದು. ಉಪಲಬ್ಧವಾದ ಪಾಠವು ಅಪೂರ್ಣ. ಬಾಗೆವಾಡಿಯ ಬಾಲಕನು ಇಲ್ಲಿ ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಮುತ್ತಜ್ಜಿಯ ಆಸರೆಯಲ್ಲಿ ಬೆಳೆಯುತ್ತಾನೆ. ಹದಿನಾರರ ಹರೆಯದಲ್ಲಿ ಜನಿವಾರವನ್ನು ತೊರೆದು, ಊರನ್ನೂ ಬಂಧುಗಳನ್ನೂ ಬಿಟ್ಟು, ಕಪ್ಪಡಿಯ ಸಂಗಮಕ್ಕೆ ನಡೆದುಬಿಡುತ್ತಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಪುರಾಣದಲ್ಲಿಯೂ, ಅದನ್ನು ೧೩೬೯ರಲ್ಲಿ ಕನ್ನಡಕ್ಕೆ ತಂದ ಭೀಮಕವಿಯ ಬಸವಪುರಾಣದಲ್ಲಿಯೂ ಕಥೆಯು ಬೇರೆ: ಅಲ್ಲಿ ತಂದೆತಾಯಿಗಳು ಜೀವಿಸಿದ್ದಾರೆ, ಉಪನಯನದ ವೇಳೆಯಲ್ಲಿ ತಂದೆಗೂ ಮಗನಿಗೂ ವಾದ ನಡೆಯುತ್ತದೆ, ಮಗನು ಗೆದ್ದು ಹೊರಡುತ್ತಾನೆ. ಇತಿಹಾಸದೃಷ್ಟಿಯಿಂದ ಯಾವುದು ನಿಜವೆಂಬ ಚರ್ಚೆಯು ಪಂಡಿತರಲ್ಲಿ ಬಹುಕಾಲದಿಂದ ನಡೆದಿದೆ. ಪ್ರಕೃತಕ್ಕೆ ಅದು ಬೇಡ. ಎರಡು ಕಥೆಗಳಲ್ಲಿ ಹುಡುಗನು ಮನೆಬಿಡುವ ಕಾರಣವೇ ಬದಲಾಗುತ್ತದೆಂಬುದು ಮುಖ್ಯ. ಪುರಾಣದ ಬಾಲಕನಿಗೆ ಬಿಡಲು ಒಂದು ಮನೆಯಿತ್ತು. ರಗಳೆಯ ಬಾಲಕನಿಗೆ ಮನೆಯೆಂಬುದು ಆಗಲೇ ಒಡೆದುಹೋಗಿತ್ತು.

ಹರಿಹರನು ಹೆತ್ತವರ ಮರಣವನ್ನು ಬಹು ವೇಗವಾಗಿ ದಾಟಿಬಿಡುತ್ತಾನೆ. ಪ್ರಲಾಪಗಳನ್ನು ಹರಿಯಬಿಡುವುದರಲ್ಲಿ ಈ ಕವಿಗೆ ಸಮಾನರು ಕನ್ನಡದಲ್ಲಿ ಕಡಮೆ. ಅಂಥವನು ಇಲ್ಲಿ ಒಂದು ಹನಿಯನ್ನೂ ಚೆಲ್ಲದೆ ಮುಂದೆ ಸಾಗುವುದನ್ನು ಕಂಡು, ಕಥಾಗತಿಗೆ ಅನಾವಶ್ಯಕವಾದುದರಿಂದ ಬಿಟ್ಟಿರಬೇಕೆಂದು ಅಧ್ಯಾಪಕರು ಸಾಮಾನ್ಯವಾಗಿ ಸಮಾಧಾನ ಹೇಳುವರು. ಮುಂದಿನ ಭಾಗವನ್ನು ಓದಿದರೆ ಈ ಸಮಾಧಾನವು ನಿಲ್ಲುವಂತೆ ತೋರುವುದಿಲ್ಲ. ಸಂಗಮದಲ್ಲಿ ಬಸವನಿಗೆ ನೆಲೆ ಸಿಕ್ಕಿದೆ, ಈಶಾನ್ಯಗುರುವಿನ ವಾತ್ಸಲ್ಯ ದೊರೆತಿದೆ, ನಿತ್ಯಪೂಜೆಯಲ್ಲಿ ಮನಸ್ಸು ಅರಳಿದೆ. ಆಗ ಸಂಗಮೇಶ್ವರನು ಕನಸಿನಲ್ಲಿ ಬಂದು ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಅಪ್ಪಣೆ ಮಾಡುತ್ತಾನೆ. ಅಷ್ಟರಿಂದಲೇ ರಗಳೆಯ ಕಟ್ಟೆಯೊಡೆಯುತ್ತದೆ. ತನ್ನನ್ನು ದೂರಮಾಡಬೇಡವೆಂದು, ಇದ್ದ ಒಂದು ನೆಲೆಯನ್ನೂ ತಪ್ಪಿಸಿದರೆ ತಾನು ಎಲ್ಲಿ ನಿಲ್ಲುವೆನೆಂದು ಆ ಯುವಕನು ಹಲುಬುವ ಹಲುಬಾಟವು ಪುಟಗಟ್ಟಲೆ ಹರಿಯುತ್ತದೆ. ರಾಜಧಾನಿಗೆ ಹೋಗಿ ಮಾನ್ಯನಾಗೆಂಬ ದೈವಾಜ್ಞೆಗೆ ಇಷ್ಟು ದುಃಖವು ತಕ್ಕುದೆ? ಪ್ರಕೃತ ಕಾರಣಕ್ಕೆ ಮೀರಿದ ಈ ಶೋಕಕ್ಕೆ ಮೂಲವನ್ನು ಹಿಂದೆ ಹುಡುಕಬೇಕು. ಮೊದಲನೆಯ ಅಗಲಿಕೆಯಲ್ಲಿ ಆಡದೆ ಉಳಿದ ಮಾತನ್ನು ಎರಡನೆಯ ಅಗಲಿಕೆಯಲ್ಲಿ ಕವಿಯು ಆಡಿಸಿದ್ದಾನೆಂದು ಓದುವುದೇ ಸಂದರ್ಭಕ್ಕೆ ಒಪ್ಪುವಂತಿದೆ. ಆಂಗ್ಲ ಮನೋವೈದ್ಯನಾದ ಜಾನ್ ಬೌಲ್ಬಿಯು ೧೯೬೯ರಿಂದ ೧೯೮೦ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಅಗಲಿಕೆಯ ಮೀಮಾಂಸೆಯಲ್ಲಿ, ಬಾಲ್ಯದಲ್ಲಿ ಹೊರಬರದೆ ನಿಂತ ಶೋಕವು ಮುಂದೊಂದು ಅಗಲಿಕೆಯ ನೆವದಿಂದ ಹೊರಬೀಳುವ ಬಗೆಯನ್ನು ವಿಸ್ತಾರವಾಗಿ ವಿವರಿಸಿದ್ದಾನೆ. ಹರಿಹರನು ಅದನ್ನು ಸಿದ್ಧಾಂತವಾಗಿ ಅರಿತಿದ್ದನೆಂದಲ್ಲ. ಕಥೆಯ ಹೊಂದಿಕೆಯಲ್ಲಿ ಅರಿತಿದ್ದನು.

ವಚನಗಳಿಗೆ ಬಂದಾಗ ತೊಡಕು ಹೆಚ್ಚುತ್ತದೆ. ಕೆಸರಿನಲ್ಲಿ ಬಿದ್ದ ಪಶುವಿನಂತೆ ದೆಸೆದೆಸೆಗೆ ಬಾಯಿಬಿಡುವ, ಆರೈಯುವವರಿಲ್ಲವೆಂದು ಕೂಗುವ ವಚನವನ್ನು ಓದಿದವರಿಗೆ ಇದು ಅನಾಥಬಾಲಕನ ಹಳೆಯ ಕೂಗೆಂದು ಹೇಳಿಬಿಡುವ ಆಸೆ ಹುಟ್ಟುವುದು ಸಹಜ. ಆದರೆ ವಚನಗಳಿಗೆ ತಾರೀಖಿಲ್ಲ. ಫ. ಗು. ಹಳಕಟ್ಟಿಯವರಿಂದ ಮೊದಲುಗೊಂಡು ಸಂಪಾದಕರು ಅವುಗಳನ್ನು ಬಹುಮಟ್ಟಿಗೆ ಷಟ್ಸ್ಥಲಕ್ರಮದಲ್ಲಿ ಹೊಂದಿಸಿರುವರು. ಭಕ್ತಸ್ಥಲದಲ್ಲಿ ಕಳವಳದ ವಚನಗಳು ತುಂಬಿರುವುದರಿಂದಲೂ ಐಕ್ಯಸ್ಥಲದಲ್ಲಿ ಶಾಂತಿಯು ನೆಲಸಿರುವುದರಿಂದಲೂ, ದುಃಖವು ಮೊದಲಿದ್ದು ಕಡೆಗೆ ಅಳಿಯಿತೆಂಬ ಜೀವನಚರಿತ್ರೆಯೊಂದು ತಾನಾಗಿ ಕಟ್ಟಿಕೊಳ್ಳುತ್ತದೆ. ಇದು ಹೊಂದಿಕೆಯಿಂದ ಹುಟ್ಟಿದ ಭ್ರಾಂತಿ. ಸ್ಥಲಕ್ರಮವು ಸಾಧನೆಯ ಕ್ರಮವೇ ಹೊರತು ವಯಸ್ಸಿನ ಕ್ರಮವಲ್ಲ. ಮಂತ್ರಿಪದವಿಯ ಮಧ್ಯಾಹ್ನದಲ್ಲಿ ಹುಟ್ಟಿದ ಕಳವಳವನ್ನು ಸಂಪಾದಕನು ಮೊದಲ ಪುಟದಲ್ಲಿಟ್ಟಿರಬಹುದು. ಖಿನ್ನತೆಯು ನಿಂತಿತೋ ಹೋಯಿತೋ ಎಂದು ವಚನಸಂಪುಟದ ಪುಟಸಂಖ್ಯೆಯಿಂದ ಅಳೆಯಲು ಹೊರಡುವುದು, ಒಂದೇ ಸಲ ಕೇಳಿದ ಪ್ರಶ್ನಾವಳಿಯಿಂದ ಹತ್ತು ವರ್ಷದ ತೀರ್ಪು ಕೊಟ್ಟಂತೆ.

ಹಾಗಾದರೆ ವಚನಗಳಿಂದ ಏನೂ ತಿಳಿಯದೆ? ಭಾವದ ಆಯುಷ್ಯವು ತಿಳಿಯದಿದ್ದರೂ ಅದರ ರೂಪವು ತಿಳಿಯುತ್ತದೆ. ಬಸವಣ್ಣನವರ ವಚನಗಳಲ್ಲಿ ಬಂಧುತ್ವವನ್ನು ಕಟ್ಟಿಕೊಳ್ಳುವ ಪ್ರಯತ್ನವು ಎದ್ದುಕಾಣುವಷ್ಟು ಪುನರಾವೃತ್ತವಾಗಿದೆ. ಒಂದೆಡೆ ಕೂಡಲಸಂಗಮದೇವನನ್ನೇ ತಂದೆ, ತಾಯಿ, ಬಂಧು, ಬಳಗವೆಂದು ಎಣಿಸಿ, ಬೇರೆ ಯಾರೂ ಇಲ್ಲವೆನ್ನುತ್ತಾರೆ. ಇನ್ನೊಂದೆಡೆ ಮಾದಾರ ಚೆನ್ನಯ್ಯನನ್ನು ಅಪ್ಪನೆಂದೂ, ಡೋಹರ ಕಕ್ಕಯ್ಯನನ್ನು ಬೊಪ್ಪನೆಂದೂ, ಕಿನ್ನರಿ ಬೊಮ್ಮಯ್ಯನನ್ನು ಅಣ್ಣನೆಂದೂ ಕರೆದು ಒಂದು ಇಡಿಯ ಮನೆತನವನ್ನೇ ನಿರ್ಮಿಸುತ್ತಾರೆ. ಮತ್ತೂ ಒಂದೆಡೆ ಚೆನ್ನಯ್ಯನ ಮನೆಯ ದಾಸನ ಮಗನಿಗೂ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದ ಮಗನು ತಾನೆಂದು ತನ್ನ ಜನ್ಮವನ್ನೇ ಹೊಸದಾಗಿ ಬರೆದುಕೊಳ್ಳುತ್ತಾರೆ. ಯಾರವನೆಂದು ಕೇಳಿಸದಿರೆಂದು ಬೇಡುವ ಪ್ರಖ್ಯಾತ ವಚನವು ಮನೆಯ ಮಗನೆನಿಸೆಂಬ ಬೇಡಿಕೆಯಲ್ಲಿಯೇ ಮುಗಿಯುತ್ತದೆ. ಇವೆಲ್ಲವನ್ನೂ ಜಾತಿನಿರಸನದ ವಚನಗಳೆಂದು ತರಗತಿಗಳಲ್ಲಿ ಬೋಧಿಸುವುದು ವಾಡಿಕೆ; ಅದು ತಪ್ಪಲ್ಲ. ಆದರೂ ಜಾತಿಯನ್ನು ನಿರಾಕರಿಸಲು ತತ್ತ್ವವಾಕ್ಯವೊಂದು ಸಾಕಾಗಿತ್ತು. ಅಪ್ಪ, ಬೊಪ್ಪ, ಅಣ್ಣ ಎಂದು ಒಬ್ಬೊಬ್ಬರನ್ನೂ ಹೆಸರಿಟ್ಟು ಕರೆಯಬೇಕಾಗಿರಲಿಲ್ಲ. ತತ್ತ್ವವು ನಂಟಿನ ಭಾಷೆಯಲ್ಲಿಯೇ ನುಡಿಯಬೇಕಾಗಿ ಬಂದುದಕ್ಕೆ ನಂಟು ಕಡಿದವನ ಅನುಭವವು ಹಿನ್ನೆಲೆಯಾಗಿದ್ದಿರಬೇಕು.

ಇದಕ್ಕೆ ಒಂದು ಬಲವಾದ ಆಕ್ಷೇಪವುಂಟು. ದೇವರನ್ನು ತಾಯಿತಂದೆಯೆನ್ನುವುದು ಭಕ್ತಿಮಾರ್ಗದ ಸಾಧಾರಣ ಸಂಪ್ರದಾಯ. ತಮಿಳಿನ ನಾಯನ್ಮಾರರಲ್ಲಿಯೂ ಮರಾಠಿಯ ಸಂತರಲ್ಲಿಯೂ ಅದು ಹೇರಳವಾಗಿದೆ, ಅವರೆಲ್ಲರೂ ತಬ್ಬಲಿಗಳಾಗಿರಲಿಲ್ಲ. ಈ ಆಕ್ಷೇಪವು ಮೊದಲನೆಯ ವಚನಕ್ಕೆ ಪೂರ್ಣವಾಗಿ ಸಲ್ಲುತ್ತದೆ, ಅಷ್ಟನ್ನು ಬಿಟ್ಟುಕೊಡಬೇಕು. ಉಳಿದವುಗಳಿಗೆ ಸಲ್ಲುವುದಿಲ್ಲ. ಭಕ್ತಿಸಂಪ್ರದಾಯವು ದೇವರನ್ನು ಬಂಧುವನ್ನಾಗಿ ಮಾಡುತ್ತದೆ. ಬಸವಣ್ಣನವರು ನೆರೆಯ ಮನುಷ್ಯರನ್ನು, ಅದರಲ್ಲಿಯೂ ಲೋಕವು ಮನೆಯೊಳಗೆ ಕರೆಯದವರನ್ನು, ಹೆತ್ತವರ ಸ್ಥಾನದಲ್ಲಿಡುತ್ತಾರೆ. ಇದು ಸಂಪ್ರದಾಯದಲ್ಲಿ ಸಿದ್ಧವಾಗಿ ಸಿಕ್ಕುವ ಸಾಮಗ್ರಿಯಲ್ಲ. ಇದರಿಂದ ಬಸವಣ್ಣನವರು ಖಿನ್ನತಾರೋಗಿಯಾಗಿದ್ದರೆಂದು ಯಾರಾದರೂ ಹೇಳಹೊರಟರೆ ಅದು ವಿಮರ್ಶೆಯೂ ಅಲ್ಲ, ವೈದ್ಯವೂ ಅಲ್ಲ. ರಾಜ್ಯಭಾರ ನಡೆಸಿ, ಅಸಂಖ್ಯಾತರನ್ನು ಕೂಡಿಸಿ, ಒಂದು ಗದ್ಯಮಾರ್ಗವನ್ನೇ ಹರಿಯಿಸಿದವರ ವಿಷಯದಲ್ಲಿ ಆ ಮಾತು ಹಾಸ್ಯಾಸ್ಪದ. ಹಳೆಯ ಅಳಲು ಕೆಲಸಕ್ಕೆ ಕಂಟಕವಾಗದೆ ಕೆಲಸದ ದಿಕ್ಕನ್ನು ಗೊತ್ತುಮಾಡಬಲ್ಲುದೆಂಬುದಷ್ಟೇ ಇಲ್ಲಿಯ ಪ್ರತಿಜ್ಞೆ. ಅಳುವುದು ಕ್ರಿಯೆ, ಅಳಲು ಸ್ಥಿತಿ. ಕನ್ನಡವು ಒಂದೇ ಬಾಯಿಯಲ್ಲಿ ಈ ಎರಡನ್ನೂ ಬೇರ್ಪಡಿಸಿ ಇಟ್ಟುಕೊಂಡಿದೆ.

ಕಲ್ಯಾಣದ ಆ ಸೀಮೆಯಲ್ಲಿಯೇ ಹುಟ್ಟಿದ ಇನ್ನೊಂದು ಬಾಲ್ಯಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹುಮನಾಬಾದಿನ ಬಳಿಯ ಮಾಣಿಕನಗರವನ್ನು ೧೮೪೫ರಲ್ಲಿ ನೆಲೆಗೊಳಿಸಿದ ಮಾಣಿಕಪ್ರಭುಗಳು ೧೮೧೭ರ ದತ್ತಜಯಂತಿಯಂದು ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಜನಿಸಿದರು, ೧೮೬೫ರಲ್ಲಿ ಸಮಾಧಿಸ್ಥರಾದರು. ಅವರ ಚರಿತ್ರೆಗಳು ಹೇಳುವಂತೆ ತಂದೆಯು ಎಳವೆಯಲ್ಲಿಯೇ ತೀರಿಹೋದುದರಿಂದ ತಾಯಿಯು ಮಕ್ಕಳನ್ನು ಕರೆದುಕೊಂಡು ಕಲ್ಯಾಣದ ತವರಿಗೆ ಬಂದಳು. ಹುಡುಗನಿಗೆ ಓದಿನಲ್ಲಿ ಮನಸ್ಸಿಲ್ಲ. ಗೆಳೆಯರೊಡನೆ ಕಾಡುಮೇಡು ಅಲೆಯುವುದೇ ಕೆಲಸ. ಸೋದರಮಾವನು ಗದರಿಸಿದನು. ಹರೆಯದ ಹುಡುಗನು ಮನೆ ಬಿಟ್ಟು ಮಂಠಾಳದ ಕಾಡಿನ ಕಡೆಗೆ ನಡೆದುಬಿಟ್ಟನು. ಹೊರಗಿನಿಂದ ನೋಡಿದರೆ ಎರಡು ಕಥೆಗಳ ಎಲುಬುಗಳು ಒಂದೇ: ಹೆತ್ತವರ ಮರಣ, ಪರಾಶ್ರಯ, ಹರೆಯದಲ್ಲಿ ನಿರ್ಗಮನ. ಒಳಗಿನ ಸ್ವರವು ಮಾತ್ರ ಪೂರ್ತಿಯಾಗಿ ಬೇರೆ. ಮಾಣಿಕಪ್ರಭುಗಳ ಚರಿತ್ರೆಯಲ್ಲಿ ವಿಷಾದದ ನೆರಳು ಕಡಮೆ. ದರ್ಬಾರು, ಸಂಗೀತ, ಅನ್ನದಾನ, ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದ ಸಕಲಮತದ ಸಭೆ ಇವುಗಳಿಂದ ಅದು ತುಂಬಿದೆ. ಕನ್ನಡ, ಮರಾಠಿ, ಹಿಂದುಸ್ತಾನಿಗಳಲ್ಲಿ ಅವರು ಕಟ್ಟಿದ ಪದಗಳು ಹಾಡುವುದಕ್ಕಾಗಿ ಕಟ್ಟಿದವು, ಹಲುಬುವುದಕ್ಕಲ್ಲ.

ಈ ಭೇದಕ್ಕೆ ಕಾರಣವನ್ನು ಸ್ವಭಾವದಲ್ಲಿ ಹುಡುಕುವುದು ಸುಲಭ. ಕಥೆಗಳಲ್ಲಿಯೇ ಬೇರೊಂದು ಸೂಚನೆಯಿದೆ. ಒಬ್ಬನಿಗೆ ತಾಯಿ ಉಳಿದಿದ್ದಳು, ಒಬ್ಬನಿಗೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಎಂಬವರು ೧೯೭೮ರಲ್ಲಿ ಪ್ರಕಟಿಸಿದ ಪ್ರಬಂಧವು ಹನ್ನೊಂದು ವರ್ಷಕ್ಕೆ ಮುನ್ನ ತಾಯಿಯನ್ನು ಕಳೆದುಕೊಂಡ ಹೆಂಗಸರು ಮುಂದೆ ಖಿನ್ನತೆಗೆ ಹೆಚ್ಚು ಸುಲಭವಾಗಿ ಈಡಾಗುವರೆಂದು ತೋರಿಸಿತು. ಅದಾದ ಮೇಲಿನ ಶೋಧನೆಗಳು ಮರಣಕ್ಕಿಂತಲೂ ಮರಣಾನಂತರ ಮಗುವಿಗೆ ದೊರೆತ ಆರೈಕೆಯೇ ಹೆಚ್ಚು ನಿರ್ಣಾಯಕವೆಂಬ ಕಡೆಗೆ ವಾಲಿದುವು. ಹರಿಹರನು ಮುತ್ತಜ್ಜಿಯನ್ನು ಕಥೆಯೊಳಗೆ ತಂದುದೂ, ಪುರಾಣ ಪರಂಪರೆಯು ಅಕ್ಕ ನಾಗಮ್ಮನನ್ನು ತಮ್ಮನ ಬಳಿಯಿಂದ ಅಗಲಿಸದೆ ಇಟ್ಟುದೂ ಈ ಬೆಳಕಿನಲ್ಲಿ ಅಲಂಕಾರವಾಗಿ ಕಾಣುವುದಿಲ್ಲ. ಕಥೆಗಾರರಿಗೆ ಆ ಹುಡುಗನು ಬದುಕುಳಿಯಲು ಯಾರಾದರೊಬ್ಬರು ಬೇಕಾಗಿತ್ತು.

ಎರಡು ಚರಿತ್ರೆಗಳೂ ಒಂದು ವಿಷಯದಲ್ಲಿ ಒಟ್ಟಾಗಿ ವಾಚಕರನ್ನು ದಾರಿತಪ್ಪಿಸುವ ಅಪಾಯವಿದೆ. ನಿರ್ವೇದವನ್ನು ಭರತನು ಸಂಚಾರಿಗಳಲ್ಲಿ ಮೊದಲನೆಯದಾಗಿ ಎಣಿಸಿದನು. ಮಮ್ಮಟನ ಕಾಲಕ್ಕೆ ಅದೇ ಭಾವವು ಶಾಂತರಸಕ್ಕೆ ಸ್ಥಾಯಿಯಾಗಿ ಬಡ್ತಿ ಹೊಂದಿತು. ಮಹಾಪುರುಷರ ಚರಿತ್ರೆಗಳು ಈ ಬಡ್ತಿಯನ್ನು ಬಾಲ್ಯಕ್ಕೆ ಎಳೆದು ತಂದುವು. ಆಟಕ್ಕೆ ಸೇರದ ಹುಡುಗ, ಊಟ ಬೇಡವೆನ್ನುವ ಹುಡುಗ, ಒಬ್ಬನೇ ಕುಳಿತಿರುವ ಹುಡುಗ, ಪಾಠಕ್ಕೆ ಒಲ್ಲದ ಹುಡುಗ ಇವರೆಲ್ಲರೂ ಚರಿತ್ರಕಾರನ ಲೇಖನಿಯಲ್ಲಿ ಬಾಲವಿರಾಗಿಗಳು. ವೈದ್ಯನ ಪಟ್ಟಿಯಲ್ಲಿ ಖಿನ್ನತೆಯ ಲಕ್ಷಣಗಳೆಂದು ಕಾಣುವುವೂ ಬಹುಮಟ್ಟಿಗೆ ಇವೇ. ಚರಿತ್ರಕಾರನಿಗೆ ಕಥೆಯ ಕೊನೆಯು ಮೊದಲೇ ಗೊತ್ತು. ಮಗುವು ಮಹಾತ್ಮನಾಗುವುದು ನಿಶ್ಚಿತವಾದುದರಿಂದ ಮೌನವೂ ಮಹತ್ತಿನ ಚಿಹ್ನೆಯಾಗುತ್ತದೆ. ಬಸವಕಲ್ಯಾಣದ ಅಥವಾ ಹುಮನಾಬಾದಿನ ಶಾಲೆಯಲ್ಲಿ ಕಡೆಯ ಸಾಲಿನಲ್ಲಿ ಕುಳಿತ ಹುಡುಗಿಯ ಮೌನಕ್ಕೆ ಅಂಥ ಕೊನೆಯೊಂದು ಗೊತ್ತಾಗಿಲ್ಲ. ಗಂಭೀರ ಸ್ವಭಾವ, ವಯಸ್ಸಿಗೆ ಮೀರಿದ ತಿಳಿವಳಿಕೆ ಎಂದು ಅಧ್ಯಾಪಕರು ಮೆಚ್ಚಿ ಸುಮ್ಮನಾಗುವಾಗ ಅವರ ಬಾಯಲ್ಲಿ ನುಡಿಯುತ್ತಿರುವುದು ಬಹುಶಃ ಚರಿತ್ರಕಾವ್ಯದ ಶೈಲಿಯೇ. ಇನ್ನೊಂದು ಕಡೆ, ಸಿಡುಕುವ ಹುಡುಗನಿಗೆ ಕಾವ್ಯದಲ್ಲಿ ಸ್ಥಾನವೇ ಇಲ್ಲದುದರಿಂದ ಅವನು ಉದ್ಧಟನೆನಿಸಿ ದಂಡನೆಗೆ ಗುರಿಯಾಗುತ್ತಾನೆ. ಮಾಣಿಕಪ್ರಭುಗಳ ಸೋದರಮಾವನು ಮಾಡಿದುದೂ ಅದನ್ನೇ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫-೧೬ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ೧೩ರಿಂದ ೧೭ ವರ್ಷದವರಲ್ಲಿ ನೂರಕ್ಕೆ ಸುಮಾರು ೭.೩ ಮಂದಿಗೆ ಒಂದಲ್ಲ ಒಂದು ಮನೋವ್ಯಾಧಿಯಿರುವುದನ್ನು ಕಂಡಿತು. ಆ ಸಮೀಕ್ಷೆ ನಡೆದ ೧೨ ರಾಜ್ಯಗಳಲ್ಲಿ ಕರ್ನಾಟಕವು ಸೇರಿರಲಿಲ್ಲ. ಅಲ್ಲದೆ ಅದು ಒಂದು ಕಾಲದ ಚಿತ್ರ, ಮುಂದೇನಾಯಿತೆಂದು ಅದು ಹೇಳಲಾರದು. ಬೀದರ ಜಿಲ್ಲೆಯ ಮಕ್ಕಳನ್ನು ಮತ್ತೆ ಮತ್ತೆ ಕೇಳುವ ಕಾರ್ಯಕ್ಕೆ ಯಾರಾದರೂ ಕೈಹಾಕಿದರೆ ಅವರಿಗೆ ಮೊದಲು ಎದುರಾಗುವ ತೊಡಕು ವೈದ್ಯದ್ದಲ್ಲ, ಶಬ್ದದ್ದು. ಕನ್ನಡ, ಉರ್ದು, ಮರಾಠಿ, ತೆಲುಗುಗಳು ಒಂದೇ ಓಣಿಯಲ್ಲಿ ಓಡಾಡುವ ಆ ನಾಡಿನಲ್ಲಿ ಮಗುವು ಖಿನ್ನತೆಯೆಂಬ ಗ್ರಾಂಥಿಕ ಪದವನ್ನು ಆಡುವುದಿಲ್ಲ. ಬ್ಯಾಸರ ಆಗ್ಯಾದ ಎನ್ನುತ್ತದೆ. ಹೆಚ್ಚೆಂದರೆ ಉದಾಸ ಎನ್ನುತ್ತದೆ. ಬ್ಯಾಸರವೆಂಬ ಆ ಒಂದೇ ಮಾತು ಆಟವಿಲ್ಲದ ಮಧ್ಯಾಹ್ನದ ಜಡತೆಗೂ ಸಲ್ಲುವುದು, ಸತ್ತ ತಾಯಿಯ ನೆನಪಿಗೂ ಸಲ್ಲುವುದು. ಪ್ರಶ್ನಾವಳಿಯನ್ನು ಕನ್ನಡಿಸುವವರು ಆ ಮಾತನ್ನು ಇಟ್ಟುಕೊಂಡರೆ ಸಂಚಾರಿಯೂ ಸ್ಥಾಯಿಯೂ ಒಂದೇ ಗೂಡಿಗೆ ಬೀಳುವುವು. ಬಿಟ್ಟರೆ ಮಗುವಿಗೆ ಪ್ರಶ್ನೆಯೇ ಅರ್ಥವಾಗದು. ಬ್ಯಾಸರ ಎಷ್ಟು ದಿನದಿಂದ ಎಂದು ಕೂಡಿಸಿ ಕೇಳುವುದೊಂದೇ ಸದ್ಯಕ್ಕೆ ಕಾಣುವ ಮಾರ್ಗ, ಮತ್ತು ಅದೇ ಪ್ರಶ್ನೆಯನ್ನು ದೀಪಾವಳಿ ಕಳೆದ ಮೇಲೆ ಒಮ್ಮೆ, ಯುಗಾದಿ ಕಳೆದ ಮೇಲೆ ಇನ್ನೊಮ್ಮೆ ಕೇಳುವುದು.